ಒಕ್ಕಲಗಿತ್ತಿಯ ಚಿತ್ರಮಾಲಿಕೆ: ಹಂಪೆಯ ಸೀಮೆಯ ಚಿತ್ರಾಭ್ಯಾಸಿಗಳಿಗೆ ಕೆಲವು ಸೂಚನೆಗಳು

ವಿರೂಪಾಕ್ಷ ದೇವಾಲಯದ ರಂಗಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರಲ್ಲಿ, ನಿರ್ಮಿತವಾದುದು. ಅದರ ನಡುವೆ ನಿಂತು ಕತ್ತೆತ್ತಿ ನೋಡಿದವರಿಗೆ ಮೇಲ್ಛಾವಣಿಯ ತುಂಬ ಗಿರಿಜಾಕಲ್ಯಾಣವೂ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನೂ, ತ್ರಿಪುರಗಳ ಮೇಲೆ ಬಾಣವೆತ್ತಿದ ಶಿವನೂ, ಪಲ್ಲಕ್ಕಿಯಲ್ಲಿ ಕುಳಿತು ಪರಿವಾರಸಮೇತರಾಗಿ ಸಾಗುವ ವಿದ್ಯಾರಣ್ಯರೂ ಕಾಣಸಿಗುತ್ತಾರೆ. ಅಲ್ಲಿಂದ ಹೊರಬಂದು, ಎದುರು ಬಸವಣ್ಣನವರೆಗೆ ಪೂರ್ವಾಭಿಮುಖವಾಗಿ ಚಾಚಿರುವ ಹಂಪಿ ಬಜಾರಿನ ಕಲ್ಲುಗಂಬಗಳ ಸಾಲುಗಳ ನಡುವೆ ನಡೆದರೆ, ಬಾಳೆಹಣ್ಣಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ವೃದ್ಧೆಯೊಬ್ಬಳು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಆಕೆಯ ಬದುಕಿಗೆ ಆಧಾರವಾದ ತೋಟಗದ್ದೆಗಳಿಗೆ ಇಂದಿಗೂ ನೀರೂಡುತ್ತಿರುವ ರಾಯ, ಬಸವಣ್ಣ, ತುರ್ತು ಮೊದಲಾದ ಕಾಲುವೆಗಳು ವಿಜಯನಗರದ ಅರಸರ ಕಾಲದವೇ. ಆದರೆ ಅರಸರ ಚಿತ್ರಕಾರರಿಗಾಗಲಿ, ಕಲ್ಲುಬಂಡೆಗಳನ್ನೂ ಮುರಿದ ಗೋಪುರಗಳನ್ನೂ ಬರೆದು ದಣಿಯದ ಇಂದಿನವರಿಗಾಗಲಿ ಆಕೆ ಚಿತ್ರವಸ್ತುವಾದುದು ಕಡಮೆ. ಆಕೆಯನ್ನು ಬರೆಯಬೇಕು, ಅದೂ ಒಂದೇ ಪಟದಲ್ಲಿ ಬರೆದು ಮುಗಿಸದೆ ಮಾಲಿಕೆಯಾಗಿ ಬರೆಯಬೇಕು ಎಂಬ ಅಭಿಲಾಷೆಯುಳ್ಳವರಿಗಾಗಿ ಈ ಲೇಖನ.

ಮಾಲಿಕೆಯೇ ಏಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುವುದು ಒಳಿತು. ತುಂಗಭದ್ರೆಯ ಆಚೆಯ ದಡದಲ್ಲಿ, ಆನೆಗೊಂದಿಯ ಬಳಿಯ ಪಂಪಾಸರೋವರದ ತೀರದಲ್ಲಿ ಶಬರಿಯ ಆಶ್ರಮವಿದ್ದಿತೆಂಬುದು ಈ ಸೀಮೆಯ ನಂಬಿಕೆ. ಕ್ಯಾಲೆಂಡರಿನ ಪಟಗಳಿಂದ ಶಾಲೆಯ ಗೋಡೆಗಳವರೆಗೆ ಆ ಮಹಾಭಾಗೆಯ ಚಿತ್ರವನ್ನು ಕಂಡು ಬೆಳೆದ ನಮ್ಮ ಕೈ, ನೆರೆತ ಕೂದಲನ್ನೂ ಸುಕ್ಕುಗಟ್ಟಿದ ಗಲ್ಲವನ್ನೂ ಕಂಡೊಡನೆ ತಾನಾಗಿಯೇ ಶಬರಿಯನ್ನು ಬರೆಯತೊಡಗುತ್ತದೆ. ಕಣ್ಣಲ್ಲಿ ಆರ್ದ್ರತೆ, ತುಟಿಯಲ್ಲಿ ನಿರೀಕ್ಷೆ, ಬೆನ್ನಿನಲ್ಲಿ ವಿನಯ! ಆದರೆ ಕಂಪ್ಲಿಯ ಗದ್ದೆಯ ಬದುವಿನ ಮೇಲೆ ನಿಂತು ಆಳುಗಳ ಕೂಲಿಯ ಲೆಕ್ಕವನ್ನು ಬೆರಳ ಗೆಣ್ಣುಗಳಲ್ಲೇ ಕೂಡಿಸಿ ಹೇಳುವ, ಕಾಲುವೆಯ ನೀರು ಸರದಿ ತಪ್ಪಿದರೆ ಹತ್ತು ಮನೆಗೆ ಕೇಳುವಂತೆ ಜಗಳವಾಡುವ, ಸೊಸೆಯ ಸಾರಿಗೆ ಉಪ್ಪು ಕಡಮೆಯೆಂದು ಮುಖ ಸಿಂಡರಿಸುವ ಹೆಂಗಸು ಯಾರ ದಾರಿಯನ್ನೂ ಕಾಯುತ್ತಿರುವವಳಲ್ಲ. ಒಂದೇ ಪಟವನ್ನು ಬರೆದರೆ ಆಕೆ ವಾರ್ಧಕ್ಯದ ಪ್ರತೀಕವಾಗಿಯೋ ಶ್ರಮದ ಸಂಕೇತವಾಗಿಯೋ ಸ್ಥಿರಳಾಗಿಬಿಡುತ್ತಾಳೆ. ನಾಲ್ಕನೆಯದೋ ಐದನೆಯದೋ ಪಟಕ್ಕೆ ಬರುವ ಹೊತ್ತಿಗೆ ನಾವು ಮೊದಲೇ ಕಲಿತು ತಂದ ಮುಖವು ತೀರಿಹೋಗಿ, ಎದುರಿಗಿರುವ ಮುಖವನ್ನು ನೋಡದೆ ವಿಧಿಯಿಲ್ಲವೆಂಬ ಸ್ಥಿತಿ ಒದಗುತ್ತದೆ. ಮಾಲಿಕೆಯ ಪ್ರಯೋಜನ ಇಷ್ಟೆ, ಮತ್ತು ಇದು ಅಲ್ಪವಾದುದಲ್ಲ.

ಈ ಮಾರ್ಗದಲ್ಲಿ ಹಿಂದೆ ನಡೆದವರಿದ್ದಾರೆ. ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1884ರ ಚಳಿಗಾಲದಿಂದ ಮುಂದಿನ ವರ್ಷದ ವಸಂತದವರೆಗೆ ನ್ಯೂನೆನ್ ಎಂಬ ಹಳ್ಳಿಯಲ್ಲಿ ಕುಳಿತು ರೈತಾಪಿ ಜನರ ಮುಖಗಳನ್ನೇ ಒಂದಾದ ಮೇಲೊಂದರಂತೆ ಬರೆದನು. 50 ಮುಖಗಳನ್ನು ಬರೆಯುವ ಸಂಕಲ್ಪ ಅವನದು, ಸುಮಾರು 40 ನಮಗೆ ಉಳಿದಿವೆ. ಆಲೂಗಡ್ಡೆ ತಿನ್ನುವವರ ಪ್ರಸಿದ್ಧ ಚಿತ್ರವು 1885ರಲ್ಲಿ ರೂಪುಗೊಂಡುದು ಈ ಅಭ್ಯಾಸದ ಬಲದಿಂದಲೇ. ಜರ್ಮನಿಯ ಡ್ಯೂರರ್ 1514ರಲ್ಲಿ, 63 ವರ್ಷದ ತನ್ನ ತಾಯಿಯನ್ನು ಆಕೆ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು ಇದ್ದಿಲಿನಲ್ಲಿ ಬರೆದ ರೇಖಾಚಿತ್ರವೂ, ಇಂಗ್ಲೆಂಡಿನ ಲೂಸಿಯನ್ ಫ್ರಾಯ್ಡ್ 1972ರಿಂದ ಹಲವು ವರ್ಷಕಾಲ ತನ್ನ ತಾಯಿಯನ್ನು ಮತ್ತೆ ಮತ್ತೆ ಕೂರಿಸಿಕೊಂಡು ಬರೆದ ಪಟಗಳೂ ಗ್ರಂಥಾಲಯದ ಪುಸ್ತಕಗಳಲ್ಲಿ ಸಿಕ್ಕಿದರೆ ನೋಡತಕ್ಕವು. ಅಷ್ಟು ದೂರ ಹೋಗಲಾರದವರಿಗೆ, ಸಂಡೂರಿನಲ್ಲಿ ನೆಲೆಸಿ ಗ್ರಾಮಜೀವನವನ್ನೂ ಲಂಬಾಣಿ ಜನರನ್ನೂ ತಮ್ಮ ಕುಂಚದ ವಸ್ತುವಾಗಿ ಮಾಡಿಕೊಂಡ ವಿ. ಟಿ. ಕಾಳೆಯವರ ಉದಾಹರಣೆ ಮನೆಯ ಬಾಗಿಲಲ್ಲೇ ಇದೆ.

ಇನ್ನು ಕಾರ್ಯಕ್ಕೆ ಬರೋಣ. ಪರಿಚಯವಿಲ್ಲದ ವೃದ್ಧೆಯ ಮುಂದೆ ಮೊದಲ ದಿನವೇ ಸ್ಟ್ಯಾಂಡು ಊರಿ ಬಣ್ಣದ ಪೆಟ್ಟಿಗೆಯನ್ನು ತೆರೆಯುವುದು ಅವಿವೇಕ. ನಮ್ಮ ಹಳ್ಳಿಯ ಮನೆಗಳಲ್ಲಿ ಚೌಕಟ್ಟಿನೊಳಗೆ ಮುಖವನ್ನಿಟ್ಟು ಗೋಡೆಗೆ ತೂಗುಹಾಕಿ ಹಾರವೇರಿಸುವುದು ಬಹುಮಟ್ಟಿಗೆ ಗತಿಸಿದವರಿಗೆ. ಆದುದರಿಂದ ‘ನಿಮ್ಮ ಪಟ ಬರೀತೀನಿ’ ಎಂದೊಡನೆ ‘ನಾ ಇನ್ನೂ ಸತ್ತಿಲ್ಲಪ್ಪಾ’ ಎಂಬ ಉತ್ತರ ಬಂದರೆ ಅದು ಬರಿಯ ಹಾಸ್ಯವೆಂದು ತಿಳಿಯಕೂಡದು. ದೃಷ್ಟಿ ತಾಗೀತೆಂಬ ಅಂಜಿಕೆಯೂ ಕೆಲವರಿಗುಂಟು. ಅಂಥವರನ್ನು ವಾದದಿಂದ ಗೆಲ್ಲಲು ಯತ್ನಿಸದೆ, ಆಕೆಯ ಎಮ್ಮೆಯನ್ನೋ, ಕಣದಲ್ಲಿ ಒರಗಿಸಿಟ್ಟ ಮೊರವನ್ನೋ, ಮೊಮ್ಮಗುವನ್ನೋ ಬರೆದು ತೋರಿಸಿ, ಆಕೆಯೇ ‘ನನ್ನ ಮುಖಾನೂ ಬರೀತೀಯೇನು’ ಎಂದು ಕೇಳುವವರೆಗೆ ಕಾಯುವುದು ಲೇಸು. ಎಷ್ಟು ಕಾದರೂ ಕೇಳದಿದ್ದರೆ, ಆಕೆ ಈ ಮಾಲಿಕೆಗೆ ಒದಗುವವಳಲ್ಲವೆಂದು ಭಾವಿಸಿ ನಮಸ್ಕಾರ ಹೇಳಿ ಬರತಕ್ಕದ್ದು.

ಹಣದ ಮಾತನ್ನೂ ಮೊದಲೇ ಆಡಿ ಮುಗಿಸಬೇಕು. ‘ನಾ ಇಲ್ಲಿ ಕುಂತ್ರ ಹೊಲದಾಗ ಕಳೆ ಯಾರು ತೆಗೀತಾರ ತಮ್ಮಾ?’ ಎಂದು ಕೇಳುವ ಅಜ್ಜಿಯ ಪ್ರಶ್ನೆ ನ್ಯಾಯವಾದುದೇ. ಚಿತ್ರಕ್ಕಾಗಿ ಕುಳಿತ ಹೊತ್ತು ದುಡಿಮೆಯ ಹೊತ್ತಾದುದರಿಂದ ಆಯಾ ಕಾಲದಲ್ಲಿ ಆ ಊರಿನಲ್ಲಿ ನಡೆಯುವ ಕೂಲಿಗಿಂತ ಕಡಮೆಯಿಲ್ಲದಂತೆ, ನಾಟಿಯ ಕಾಲದಲ್ಲಿ ಕೂಲಿ ಏರಿದರೆ ಆ ಏರಿದ ದರದಲ್ಲಿ, ಅದೇ ದಿನ ಸಂಜೆಯೊಳಗೆ, ಮಗನ ಕೈಗಲ್ಲದೆ ಆಕೆಯ ಕೈಗೇ ಕೊಡುವುದು ಧರ್ಮ. ಸೀರೆ ಕುಪ್ಪಸ ಕೊಟ್ಟು ಸತ್ಕರಿಸುವುದು ಬೇರೆ, ಕೂಲಿ ಬೇರೆ. ಒಂದನ್ನು ಇನ್ನೊಂದರಲ್ಲಿ ವಜಾಮಾಡುವಂತಿಲ್ಲ.

ಮಾಲಿಕೆಯ ವಿನ್ಯಾಸವನ್ನು ಕುರಿತು ಚಿತ್ರಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವ ಕ್ರಮ ಇದು: ಎದುರುಮುಖ, ಮುಕ್ಕಾಲುಮುಖ, ಪಾರ್ಶ್ವಮುಖ, ಬಳಿಕ ನಗು, ಚಿಂತೆ, ನಿದ್ರೆ. ಇದರಿಂದ ನಟಿಯೊಬ್ಬಳ ಮಾಲಿಕೆ ಸಿದ್ಧಿಸೀತೇ ಹೊರತು ಒಕ್ಕಲಗಿತ್ತಿಯದಲ್ಲ. ಒಕ್ಕಲುತನದವರ ಮುಖವನ್ನು ಬದಲಿಸುವುದು ಭಾವಕ್ಕಿಂತ ಹೆಚ್ಚಾಗಿ ಋತು; ಆದಕಾರಣ ಬೇಸಾಯದ ವರ್ಷವನ್ನೇ ಮಾಲಿಕೆಯ ಸೂತ್ರವನ್ನಾಗಿ ಹಿಡಿಯಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕಂಪ್ಲಿಯ ಕಡೆಯಾದರೆ, ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಕಾಲುವೆಗೆ ನೀರು ಬಿಟ್ಟಮೇಲೆ ಸಸಿಮಡಿ, ಅನಂತರ ನಾಟಿ, ಕಳೆ, ಸೀಗೆಹುಣ್ಣಿಮೆಯ ಚರಗ, ಕೊಯ್ಲು, ಕಣ, ಮತ್ತೆ ಬೇಸಿಗೆಯ ಬೆಳೆಯ ನಾಟಿ. ಕಮಲಾಪುರ, ಹಂಪೆಗಳ ಕಡೆಯಾದರೆ ಬಾಳೆ ಮತ್ತು ಕಬ್ಬುಗಳ ಕೆಲಸ ವರ್ಷದ ಉದ್ದಕ್ಕೂ ಹರಡಿಕೊಂಡಿರುವುದರಿಂದ ಅಲ್ಲಿ ಋತುಭೇದವು ಗಿಡದಲ್ಲಿ ಕಾಣುವುದಕ್ಕಿಂತ ಬೆಳಕಿನಲ್ಲಿ ಕಾಣುತ್ತದೆ. ಸಂಡೂರಿನ ಮಳೆಯಾಶ್ರಯದ ಕೆಂಪುಹೊಲಗಳಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುವ ಕಾಲವೂ, ಹೊಲ ಬರಿದಾಗಿ ಬಿದ್ದ ಬೇಸಿಗೆಯೂ ಒಂದೇ ಮುಖವನ್ನು ಇಬ್ಬರು ಅಕ್ಕತಂಗಿಯರ ಮುಖಗಳೆಂಬಷ್ಟು ಬೇರೆಯಾಗಿಸಬಲ್ಲವು.

ನಾಟಿಯ ದಿನಗಳಲ್ಲಿ ಕುಳ್ಳಿರಿಸಿ ಬರೆಯುವ ಆಸೆಯನ್ನು ಬಿಡಬೇಕು. ಬದುವಿನ ಮೇಲೆ ಕುಳಿತು ಇದ್ದಿಲು ಅಥವಾ ಮೆತ್ತನೆಯ ಪೆನ್ಸಿಲಿನಿಂದ ಕ್ಷಿಪ್ರರೇಖೆಗಳನ್ನಷ್ಟೇ ತೆಗೆಯುವುದು ಸಾಧ್ಯ; ಬಾಗಿದ ಬೆನ್ನು ಸೊಂಟದಿಂದ ಬಾಗಿದೆಯೋ ಮಂಡಿಯಿಂದಲೋ, ಸಸಿಯ ಕಟ್ಟನ್ನು ಹಿಡಿದ ಎಡಗೈ ತೊಡೆಯ ಮೇಲೆ ಊರಿದೆಯೋ ಇಲ್ಲವೋ, ನೆಟ್ಟಗೆ ಏಳುವಾಗ ಯಾವ ಕೈ ಸೊಂಟಕ್ಕೆ ಹೋಗುತ್ತದೆ ಎಂಬಿವನ್ನು ಹತ್ತಾರು ಸಲ ಗೀಚಿಕೊಂಡವನಿಗೆ, ಮುಂದೆ ಮನೆಯ ಕಟ್ಟೆಯ ಮೇಲೆ ಆಕೆ ಸುಮ್ಮನೆ ಕುಳಿತಾಗಲೂ ಆ ಭುಜಗಳ ಇಳಿಜಾರಿನ ಅರ್ಥ ತಿಳಿಯುತ್ತದೆ. ದೀರ್ಘವಾಗಿ ಕುಳ್ಳಿರಿಸಿ ಬರೆಯತಕ್ಕ ಕಾಲವೆಂದರೆ ನಾಟಿಗೂ ಕೊಯ್ಲಿಗೂ ನಡುವಣ ಬಿಡುವು. ಆಗಲೂ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ನಿಲ್ಲಿಸಬಾರದು. ಕೈಗೆ ಏನಾದರೊಂದು ಕೆಲಸವಿದ್ದರೆ, ಶೇಂಗಾ ಸುಲಿಯುವುದೋ ಹುಣಸೆಹಣ್ಣಿನ ಬೀಜ ತೆಗೆಯುವುದೋ ಇದ್ದರೆ, ಮುಖವು ತಾನಾಗಿಯೇ ಒಂದು ನೆಲೆಗೆ ಬಂದು ನಿಲ್ಲುತ್ತದೆ. ಬರಿಗೈಯಲ್ಲಿ ಕುಳಿತಿರುವುದು ಈ ಹೆಂಗಸರಿಗೆ ಅಭ್ಯಾಸವಿಲ್ಲದ ಕೆಲಸ.

ಆಕೆ ನೆಲದ ಮೇಲೆ ಒಂದು ಮಂಡಿಯನ್ನು ಎತ್ತಿ ಕುಳಿತರೆ ಚಿತ್ರಕಾರನೂ ನೆಲದ ಮೇಲೆಯೇ ಕುಳಿತುಕೊಳ್ಳಬೇಕು. ನಿಂತು ಬರೆದರೆ ನೆತ್ತಿ ದೊಡ್ಡದಾಗಿ ಗದ್ದ ಕುಗ್ಗಿ ಕಾಣುವುದಲ್ಲದೆ, ಮೇಲಿನಿಂದ ಕೆಳಕ್ಕೆ ನೋಡಿದ ಆ ನೋಟದ ಗರ್ವ ಪಟದಲ್ಲಿಯೂ ಉಳಿಯುತ್ತದೆ. ಬೆಳಕಿನ ವಿಷಯದಲ್ಲಿ ಬೆಳಿಗ್ಗೆ 9 ಗಂಟೆಯೊಳಗೆ ಮತ್ತು ಸಂಜೆ ನಾಲ್ಕೂವರೆಯ ಮೇಲೆ ಎಂಬ ನಿಯಮವನ್ನು ಮೀರದಿರುವುದು ಕ್ಷೇಮ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕಪ್ಪು ಹೊಂಡಗಳಾಗಿ, ವೃದ್ಧರ ಮುಖವು ಇಲ್ಲದ ದೈನ್ಯವನ್ನು ತಾಳುತ್ತದೆ. ಮಳೆಗಾಲದ ಮೋಡದ ದಿನಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ಹಂಪೆಯ ಬೆಳಕಿಗೆ ಇನ್ನೊಂದು ವಿಶೇಷವುಂಟು: ಸುತ್ತಲಿನ ಹೆಬ್ಬಂಡೆಗಳು ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆಸೆಯುವುದರಿಂದ, ಬಂಡೆಯ ನೆರಳಿನಲ್ಲಿ ಕುಳಿತವರ ಗದ್ದದ ಕೆಳಗೂ ಮೂಗಿನ ಅಡಿಯಲ್ಲೂ ಬೆಚ್ಚನೆಯ ಹೊಂಬಣ್ಣದ ಮರುಬೆಳಕು ಕಾಣಿಸಿಕೊಳ್ಳುತ್ತದೆ. ಪಟ್ಟಣದ ಕೊಠಡಿಯಲ್ಲಿ ಕಲಿತವರು ಅಭ್ಯಾಸಬಲದಿಂದ ಆ ಭಾಗಕ್ಕೆ ತಣ್ಣನೆಯ ಕಂದು ಹಚ್ಚಿ, ಮುಖವೇಕೆ ಸತ್ತಂತಿದೆಯೆಂದು ವೃಥಾ ಚಿಂತಿಸುತ್ತಾರೆ. ಸ್ಮಾರಕಗಳ ಆವರಣದಲ್ಲಿ ಸ್ಟ್ಯಾಂಡು ಊರುವುದಾದರೆ ಪುರಾತತ್ತ್ವ ಇಲಾಖೆಯವರನ್ನು ಮುಂಚಿತವಾಗಿ ಕೇಳಿಕೊಳ್ಳುವುದು ಉಚಿತ.

ಬಣ್ಣಗಳು ಹೆಚ್ಚು ಬೇಡ. ಯೆಲ್ಲೋ ಓಕರ್, ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ, ಅಲಿಜರಿನ್ ಕೆಂಪು ಮತ್ತು ಬಿಳಿ. ಇಷ್ಟರಿಂದ ಈ ಸೀಮೆಯ ಮೈಬಣ್ಣಗಳೆಲ್ಲ ಒದಗುತ್ತವೆ. ಇವುಗಳಲ್ಲಿ ಮೊದಲ ನಾಲ್ಕೂ ಕಬ್ಬಿಣದ ಅಂಶದಿಂದ ಬಣ್ಣವೇರಿದ ಮಣ್ಣುಗಳೇ ಆಗಿದ್ದು, ಅದಿರಿನ ಬೆಟ್ಟಗಳ ಊರಾದ ಸಂಡೂರಿನ ಹೆಂಗಸನ್ನು ಬರೆಯುವವನು ಆಕೆಯ ಕಾಲಿಗೆ ಅಂಟಿದ ಧೂಳಿನ ಜಾತಿಯ ವಸ್ತುವಿನಿಂದಲೇ ಆಕೆಯನ್ನು ಬರೆಯುತ್ತಿರುತ್ತಾನೆ. ಕಪ್ಪುಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಟ್ಟುಬರುವುದು ಮೇಲು. ಕಪ್ಪಗಿನ ಮೈಗೆ ಕಪ್ಪು ಬೆರೆಸಿದರೆ ಬೂದಿ ಬಳಿದಂತಾಗುತ್ತದೆ. ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್‌ಗಳ ಮಿಶ್ರಣದಿಂದ ದೊರೆಯುವ ಗಾಢವರ್ಣದಲ್ಲಿ, ಪ್ರಮಾಣವನ್ನು ಹಿಂದುಮುಂದು ಮಾಡಿದಂತೆ, ಬಿಸುಪೂ ತಂಪೂ ಎರಡೂ ಲಭಿಸುತ್ತವೆ. ಬಿಸಿಲಲ್ಲಿ ದುಡಿದ ಶ್ಯಾಮಲವರ್ಣದ ಮುಖದಲ್ಲಿ ಹಣೆ, ಗಲ್ಲದ ಎಲುಬು, ಮೂಗಿನ ದಂಡೆಗಳ ಹೊಳಪು ಆಕಾಶದ್ದಾದುದರಿಂದ ಅದಕ್ಕೆ ಬರಿಯ ಬಿಳಿಯನ್ನಿಡದೆ ತುಸು ನೀಲಿಯನ್ನು ಬೆರೆಸಬೇಕು.

ಸುಕ್ಕುಗಳನ್ನು ಗೆರೆಗಳೆಂದು ತಿಳಿಯುವುದು ಅಭ್ಯಾಸಿಗಳ ಸಾಮಾನ್ಯ ದೋಷ. ಸುಕ್ಕೆಂಬುದು ಚಿಕ್ಕದೊಂದು ಕಣಿವೆ: ಅದಕ್ಕೆ ಬೆಳಕು ಹಿಡಿದ ಒಂದು ದಂಡೆ, ಮೆಲ್ಲನೆ ನೆರಳಿಗಿಳಿಯುವ ಇನ್ನೊಂದು ದಂಡೆ, ನಡುವೆ ತಳ. ವರ್ಷಾನುಗಟ್ಟಲೆ ಬಿಸಿಲಿಗೆ ಕಣ್ಣು ಕಿರಿದುಮಾಡಿ ದುಡಿದವರ ಕಣ್ಣಂಚಿನ ಸುಕ್ಕುಗಳ ತಳಕ್ಕೆ ಬಿಸಿಲು ತಾಗದೆ ಅಲ್ಲಿ ಚರ್ಮವು ಸುತ್ತಲಿಗಿಂತ ತಿಳಿಯಾಗಿರುವುದನ್ನು ಆಕೆ ಆಶ್ಚರ್ಯದಿಂದ ಹುಬ್ಬೇರಿಸಿದ ಗಳಿಗೆಯಲ್ಲಿ ಕಾಣಬಹುದು. ಅಲ್ಲಿ ಕಪ್ಪು ಗೆರೆ ಎಳೆದವನು ನೋಡದೆಯೇ ಬರೆದನೆಂದು ಅರ್ಥ. ಹಲ್ಲು ಬಿದ್ದಂತೆ ಕೆಳದವಡೆ ಮೇಲೇರಿ ಗದ್ದವು ಮೂಗಿಗೆ ಸಮೀಪವಾಗುವುದು, ಓಲೆಯ ಭಾರಕ್ಕೆ ಕಿವಿಯ ಹಾಲೆ ಜೋಲುವುದು, ಕಣ್ಣಿನ ಕರಿಯಾಲಿಯ ಅಂಚಿನ ಸುತ್ತ ಬೂದುನೀಲಿಯ ಉಂಗುರವೊಂದು ಮೂಡುವುದು, ಇವು ವಾರ್ಧಕ್ಯದ ಸಹಜ ಲಕ್ಷಣಗಳು. ಇವನ್ನು ಅಳೆದು ಬರೆದರೆ ಸಾಕು, ಕರುಣೆಯನ್ನು ಮೇಲಿನಿಂದ ಲೇಪಿಸುವ ಅಗತ್ಯವಿಲ್ಲ. ಮಾಲಿಕೆಯಲ್ಲಿ ಒಂದು ಪಟವಾದರೂ ಮುಖವಿಲ್ಲದ್ದಾಗಿರಲಿ ಎಂಬುದು ನನ್ನ ಸಲಹೆ. ಗೆಣ್ಣು ಊದಿದ, ಉಗುರು ಸೀಳಿದ, ಮುಂಗೈಯಲ್ಲಿ ಹಚ್ಚೆಯ ಹಸಿರು ಮಾಸಿದ ಕೈಗಳೋ, ಒಡೆದ ಹಿಮ್ಮಡಿಗಳೋ ಸ್ವತಂತ್ರವಾದ ಚಿತ್ರವಾಗತಕ್ಕವು.

ಉಡುಪಿನಲ್ಲಿ ನಮ್ಮ ಚಿತ್ರಕಾರರು ಮಾಡುವಷ್ಟು ಸುಳ್ಳನ್ನು ಬೇರೆಲ್ಲಿಯೂ ಮಾಡುವುದಿಲ್ಲ. ಭತ್ತದ ಗದ್ದೆಗೂ ಕಬ್ಬಿನ ತೋಟಕ್ಕೂ ಇಳಿಯುವ ಹೆಂಗಸರು ಗರಿಯ ಅಲಗು ಕೈ ಕೊಯ್ಯದಿರಲೆಂದೂ ಬಿಸಿಲು ಸುಡದಿರಲೆಂದೂ ಸೀರೆಯನ್ನು ಎತ್ತಿಕಟ್ಟಿ, ಅದರ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿಯೊಂದನ್ನು ತೊಟ್ಟು, ತಲೆಗೆ ಟವೆಲು ಸುತ್ತಿಕೊಳ್ಳುವುದನ್ನು ರಸ್ತೆಯಲ್ಲಿ ಹೋಗುವವರೆಲ್ಲರೂ ಕಂಡಿದ್ದಾರೆ; ಪಟದಲ್ಲಿ ಮಾತ್ರ ಆ ಅಂಗಿ ಮಾಯವಾಗಿ ಇಳಕಲ್ಲಿನ ಸೀರೆಯ ಕೆಂಪು ಸೆರಗು ಗಾಳಿಗೆ ಹಾರತೊಡಗುತ್ತದೆ. ಅಂಗಿಯನ್ನು ಬರೆಯಿರಿ. ಇಳಕಲ್ ಸೀರೆಯನ್ನು ಆಕೆ ಜಾತ್ರೆಗೋ ಚರಗ ಚೆಲ್ಲುವುದಕ್ಕೋ ಉಟ್ಟ ದಿನ ಬರೆಯಬಹುದು, ಆಗ ಅದರ ತೋಪುತೆನೆಯ ಸೆರಗಿನ ಬಿಳಿಯ ಹಲ್ಲುಗಳನ್ನು ಎಣಿಸುತ್ತ ಕೂರದೆ, ಮೊದಲು ಮಡಿಕೆಗಳ ನೆರಳುಬೆಳಕನ್ನು ಪೂರ್ತಿಮಾಡಿ ಬಳಿಕ ಮಡಿಕೆಯ ಓಟಕ್ಕನುಗುಣವಾಗಿ ವಿನ್ಯಾಸವನ್ನು ಮುರಿಮುರಿದು ಸೂಚಿಸಬೇಕು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿಗೂ ಈ ಕ್ರಮವೇ ಅನ್ವಯಿಸುತ್ತದೆ; ಅದರ ಕನ್ನಡಿಬಿಲ್ಲೆಗಳಲ್ಲಿ ಒಂದೆರಡು ಮಾತ್ರ ಆಕಾಶವನ್ನು ಪ್ರತಿಬಿಂಬಿಸಿ ಹೊಳೆಯಲಿ, ಉಳಿದವು ಮಂಕಾಗಿರಲಿ. ಕುಂಕುಮ, ಬಳೆ, ತಾಳಿ, ಮೂಗುತಿಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಇದ್ದುದನ್ನು ಬರೆಯಬೇಕು, ಇಲ್ಲದ್ದನ್ನು ಶೋಭೆಗಾಗಿ ಸೇರಿಸಲೇಕೂಡದು. ಗಂಡನನ್ನು ಕಳೆದುಕೊಂಡಾಕೆಯ ಹಣೆಗೆ ಚಿತ್ರಕಾರನು ತನ್ನ ರುಚಿಗನುಸಾರವಾಗಿ ಇಟ್ಟ ಕೆಂಪುಬೊಟ್ಟು ಆ ಮನೆಯವರಿಗೆ ಎಷ್ಟು ನೋವುಂಟುಮಾಡೀತೆಂಬುದನ್ನು ವಿವರಿಸಬೇಕಾಗಿಲ್ಲ.

ಸಾಧನಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎಲ್ಲ ಪಟಗಳೂ ಒಂದೇ ಅಳತೆಯವಾಗಿರಲಿ. 12 ಅಂಗುಲಕ್ಕೆ 16 ಅಂಗುಲದ ಕ್ಯಾನ್ವಾಸ್ ಬೋರ್ಡು ಬಸ್ಸಿನಲ್ಲಿ ಒಯ್ಯಲು ಅನುಕೂಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುವುದರಿಂದ ಅಕ್ರಿಲಿಕ್ ಬಣ್ಣವು ತಟ್ಟೆಯಲ್ಲೇ ಒಣಗಿ ಚಕ್ಕೆಯಾಗುತ್ತದೆ. ತಟ್ಟೆಯ ಮೇಲೆ ಒದ್ದೆಬಟ್ಟೆಯನ್ನೂ ಅದರ ಮೇಲೆ ಬೆಣ್ಣೆಕಾಗದವನ್ನೂ ಹಾಸಿಕೊಳ್ಳಬೇಕು ಇಲ್ಲವೆ ಆ ಎರಡು ತಿಂಗಳು ತೈಲವರ್ಣಕ್ಕೆ ಮರಳಬೇಕು. ಜಲವರ್ಣದವರು 300 ಜಿಎಸ್‌ಎಂಗಿಂತ ತೆಳುವಾದ ಕಾಗದವನ್ನು ಬಳಸದಿರಲಿ. ತೈಲಚಿತ್ರಕ್ಕೆ ಆರು ತಿಂಗಳು ಕಳೆಯದೆ ವಾರ್ನಿಷ್ ಬೇಡ. ಹಸಿಯಿರುವಾಗ ಅದಿರಿನ ಲಾರಿಗಳ ದಾರಿಯ ಮನೆಗಳಲ್ಲಂತೂ ಮುಚ್ಚಿಡದಿದ್ದರೆ ಕೆಂಪುಧೂಳು ಬಿಳಿಕೂದಲನ್ನು ಒಂದೇ ದಿನದಲ್ಲಿ ಕಂದಾಗಿಸುತ್ತದೆ. ಮೊಬೈಲಿನ ಛಾಯಾಚಿತ್ರವನ್ನು ನೆನಪಿಗಾಗಿ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಆದರೆ ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುವುದರಿಂದ ಐದಾರು ಅಡಿ ದೂರ ನಿಂತು, ಜೂಮ್ ಮಾಡಿ ತೆಗೆಯಬೇಕು. ಪ್ರತಿ ಪಟದ ಬೆನ್ನಿಗೂ ದಿನಾಂಕ, ಊರು, ಅಂದು ಹೊಲದಲ್ಲಿ ನಡೆಯುತ್ತಿದ್ದ ಕೆಲಸ ಈ ಮೂರನ್ನು ಬರೆದಿಡುವುದನ್ನು ಮರೆಯಬಾರದು. ವರ್ಷದ ಕೊನೆಗೆ ಪಟಗಳನ್ನು ಸಾಲಾಗಿ ನಿಲ್ಲಿಸಿದಾಗ ಕ್ರಮವನ್ನು ನಿರ್ಣಯಿಸುವುದು ಅವುಗಳಿಂದಲೇ.

ಸಾಲಾಗಿ ನಿಲ್ಲಿಸುವುದಾದರೂ ಮೊದಲು ಎಲ್ಲಿ? ಬೆಂಗಳೂರಿನ ಚಿತ್ರಶಾಲೆಯನ್ನೋ ವಿದ್ಯಾರಣ್ಯದಲ್ಲಿರುವ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲೆಯ ಅಧ್ಯಾಪಕರನ್ನೋ ನೆನೆಯುವುದಕ್ಕೆ ಮುನ್ನ, ಆಕೆಯ ಊರಿನ ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ಒಂದು ಸಂಜೆ ಇಟ್ಟು ತೋರಿಸಬೇಕು. ಹೋಲಿಕೆಯ ವಿಷಯದಲ್ಲಿ ಅಲ್ಲಿ ಬರುವ ತೀರ್ಪಿಗಿಂತ ನಿಷ್ಠುರವೂ ನಿಖರವೂ ಆದ ವಿಮರ್ಶೆ ಬೇರೆಲ್ಲಿಯೂ ದೊರೆಯಲಾರದು. ಅಂದೇ, ಪಟಗಳನ್ನು ಎಲ್ಲೆಲ್ಲಿ ಪ್ರದರ್ಶಿಸಬಹುದು, ಕಾರ್ಡುಗಳಾಗಿಯೋ ಮೊಬೈಲಿನ ಪರದೆಗಳ ಮೇಲೋ ಹರಡಬಹುದೇ, ಮಾರಾಟವಾದರೆ ಆಕೆಗೆ ಸಲ್ಲುವ ಪಾಲೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಓದುಬರಹ ಬಾರದವರಾದರೆ ಗಟ್ಟಿಯಾಗಿ ಓದಿ ಹೇಳಿ, ಆಕೆಯ ಒಪ್ಪಿಗೆಯನ್ನು ಪಡೆಯತಕ್ಕದ್ದು. ಪಟಗಳಲ್ಲಿ ಒಂದು ಆಕೆಗೇ ಸೇರಬೇಕು, ಅದನ್ನು ಆರಿಸುವ ಹಕ್ಕು ಆಕೆಯದೇ. ನಮ್ಮ ದೃಷ್ಟಿಗೆ ಅತ್ಯುತ್ತಮವೆನಿಸಿದ್ದನ್ನೇ ಆಕೆ ಆರಿಸಿದರೆ ಚೌಕಾಸಿ ಮಾಡುವಂತಿಲ್ಲ.

ಪ್ರದರ್ಶನದಲ್ಲಿ ಪಟದ ಕೆಳಗೆ ಅಂಟಿಸುವ ಚೀಟಿಗಳ ಮೇಲೆ ‘ರೈತ ಮಹಿಳೆ’, ‘ಮುಪ್ಪು’, ‘ಶ್ರಮಜೀವಿ’, ‘ಭೂಮಿತಾಯಿ’ ಎಂದು ಬರೆಯುವ ಪದ್ಧತಿಯನ್ನು ನಮ್ಮ ಚಿತ್ರಕಾರರು ಕೈಬಿಡಬೇಕೆಂದು ನನ್ನ ಪ್ರಾರ್ಥನೆ. ಆಕೆ ಒಪ್ಪಿದರೆ ಆಕೆಯ ಹೆಸರು, ಊರು, ಅಂದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯಿರಿ; ಒಪ್ಪದಿದ್ದರೆ ಕೆಲಸವನ್ನೂ ತಿಂಗಳನ್ನೂ ಮಾತ್ರ ಬರೆಯಿರಿ.